ಮೂರು ಸಲ ಟಿಇಟಿ ಕೈತಪ್ಪಿತು, ನನ್ನಲ್ಲಿ ಆತ್ಮವಿಶ್ವಾಸವೇ ಇಲ್ಲವೇ?

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 31. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಸರ್ಕಾರಿ ಶಾಲೆಯ ಶಿಕ್ಷಕಿಯಾಗಬೇಕೆಂಬುದು ಮದುವೆಗೆ ಮುಂಚಿನ ಆಸೆ. ಅದಕ್ಕೆ ಬೇಕಾದ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆಯನ್ನು ಮೂರು ಬಾರಿ ಬರೆದೆ. 81, 86, 84 ಅಂಕ ಬಂದವು. ನನಗೆ ಬೇಕಿರುವುದು 150ಕ್ಕೆ 90. ಬೆಂಗಳೂರಿನಲ್ಲಿದ್ದು ಓದಿದ ಚಿಕ್ಕಪ್ಪನ ಮಗಳು ಮೊದಲ ಸಲವೇ ತೇರ್ಗಡೆಯಾದಳು. ಮನೆಕೆಲಸ ಮುಗಿಸಿ ರಾತ್ರಿ ಹನ್ನೊಂದರ ನಂತರ ಓದಲು ಕೂರುತ್ತೇನೆ. ಗೈಡ್‌ಗಳನ್ನು ನಾಲ್ಕೈದು ಸಲ ಓದಿ ಮುಗಿಸಿದ್ದೇನೆ. ಬೇಸರವಾದಾಗ ಮೊಬೈಲ್‌ನಲ್ಲಿ ಸ್ಫೂರ್ತಿಯ ಭಾಷಣ ಕೇಳುತ್ತೇನೆ. ಕೇಳುವಾಗ ಏನು ಬೇಕಾದರೂ ಸಾಧಿಸಬಲ್ಲೆ ಎನಿಸುತ್ತದೆ, ಬೆಳಿಗ್ಗೆ ಏನೂ ಉಳಿದಿರುವುದಿಲ್ಲ. ಮನೆಯಲ್ಲಿ ‘ಇನ್ನು ಸಾಕು’ ಎನ್ನುತ್ತಿದ್ದಾರೆ. ಆರು ವರ್ಷದ ಮಗಳು ‘ಅಮ್ಮ, ನೀನು ಫೇಲಾದೆಯಾ?’ ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ನನ್ನಲ್ಲಿ ಆತ್ಮವಿಶ್ವಾಸ, ಛಲ ಎರಡೂ ಇಲ್ಲವೇ? ಮುಂದುವರಿಯಲೇ, ಬಿಡಲೇ?

ಉತ್ತರ: ಮನಸ್ಸಿನ ಮಾತಿಗೆ ಆಮೇಲೆ ಬರೋಣ. ಮೊದಲು ಆ ಮೂರು ಅಂಕಿಗಳನ್ನು ಓದಬೇಕು. ನೀವು ಗಣಿತದ ಶಿಕ್ಷಕಿ. ಆದರೂ ಅವುಗಳನ್ನು ಗಣಿತದ ಕಣ್ಣಿನಿಂದ ನೋಡಿದಂತೆ ಕಾಣುವುದಿಲ್ಲ, ಶಾಪದಂತೆ ಓದಿಕೊಂಡಿದ್ದೀರಿ.

ಟಿಇಟಿ ಅರ್ಹತಾ ಪರೀಕ್ಷೆ. ಕೆಎಎಸ್ ತರಹದ ಸ್ಪರ್ಧೆಯಲ್ಲಿ ಹುದ್ದೆಗಳನ್ನು ಮೊದಲೇ ಎಣಿಸಿಟ್ಟಿರುತ್ತಾರೆ. 2024ರಲ್ಲಿ ಪೂರ್ವಭಾವಿ ಪರೀಕ್ಷೆ ನಡೆದದ್ದು 384 ಹುದ್ದೆಗಳಿಗೆ. ಅಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ನಮಗಿಂತ ಚೆನ್ನಾಗಿ ಬರೆದವರು ಎಷ್ಟು ಮಂದಿ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಟಿಇಟಿಯಲ್ಲಿ ಹಾಗಿಲ್ಲ. ಗೆರೆ ಮುಟ್ಟಿದವರೆಲ್ಲ ಅರ್ಹರು. ನಿಮ್ಮ ಚಿಕ್ಕಪ್ಪನ ಮಗಳು ತೇರ್ಗಡೆಯಾದದ್ದರಿಂದ ನಿಮ್ಮ ಒಂದು ಅಂಕವೂ ಕಡಿಮೆಯಾಗಲಿಲ್ಲ. ಶ್ರಮಕ್ಕೂ ಫಲಕ್ಕೂ ಇಷ್ಟು ನೇರವಾದ ಸಂಬಂಧವಿರುವ ಪರೀಕ್ಷೆಗಳು ಕಡಿಮೆ. ಛಲದ ಬಗ್ಗೆ ಯಾರಿಗೇ ಸಲಹೆ ಕೊಡುವ ಮೊದಲು ಅವರು ಯಾವ ಬಗೆಯ ಬಾಗಿಲನ್ನು ತಟ್ಟುತ್ತಿದ್ದಾರೆ ಎಂದು ನಾನು ಕೇಳುವುದು ಇದಕ್ಕೇ.

ಇನ್ನೊಂದು ಲೆಕ್ಕ. 150 ಪ್ರಶ್ನೆಗಳ ಪತ್ರಿಕೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿ ಮಾಡುವವರ ಅಂಕ, ತಯಾರಿ ಅಷ್ಟೇ ಇದ್ದರೂ, ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಐದಾರು ಅಂಕ ಮೇಲೆ ಕೆಳಗೆ ಆಡುವುದು ಸಂಖ್ಯಾಶಾಸ್ತ್ರದ ಪ್ರಕಾರ ಸಹಜ. ನಿಮಗೆ ಗೊತ್ತಿರುವ ಪಾಠದಿಂದ ಎರಡು ಪ್ರಶ್ನೆ ಹೆಚ್ಚು ಬಂದರೆ ಅಂಕ ಏರುತ್ತದೆ, ಗೊತ್ತಿಲ್ಲದ್ದರಿಂದ ಬಂದರೆ ಇಳಿಯುತ್ತದೆ. ಹಾಗಾಗಿ 86ರಿಂದ 84ಕ್ಕೆ ಬಂದದ್ದು ಕುಸಿತವೇ ಅಲ್ಲ. ನೀವು ಮೂರು ಬಾರಿ ಸೋತಿದ್ದೀರಿ ಎನ್ನುವುದಕ್ಕಿಂತ, 84ರ ಆಸುಪಾಸಿನ ತಯಾರಿಯೊಂದಿಗೆ ಮೂರು ಬಾರಿ ಹೋಗಿ ಆ ತಯಾರಿಗೆ ತಕ್ಕ ಅಂಕವನ್ನೇ ಪಡೆದು ಬಂದಿದ್ದೀರಿ ಎನ್ನುವುದು ಹೆಚ್ಚು ನಿಜ. ಇದರಿಂದ ಒಂದು ಖಚಿತ ಸೂಚನೆಯೂ ಸಿಗುತ್ತದೆ: 90ಕ್ಕೆ ಗುರಿಯಿಟ್ಟವರು ಪತ್ರಿಕೆ ಸ್ವಲ್ಪ ತಿರುಗಿದರೂ ಜಾರುತ್ತಾರೆ. ಮನೆಯಲ್ಲಿ ಬರೆಯುವ ಮಾದರಿ ಪರೀಕ್ಷೆಗಳಲ್ಲಿ ನೂರು ದಾಟುವಂತಾದರೆ ಮಾತ್ರ ನಿಜವಾದ ದಿನದ ಏರಿಳಿತವನ್ನು ತಡೆದುಕೊಳ್ಳಬಹುದು.

ಈಗ ಆತ್ಮವಿಶ್ವಾಸದ ಪ್ರಶ್ನೆ. ಅದು ಮೊದಲು ಬರಬೇಕು, ಪ್ರಯತ್ನ ಆಮೇಲೆ ಎಂದು ನೀವು ಭಾವಿಸಿದ್ದೀರಿ. ಹಾಸನದಲ್ಲಿ ನನ್ನ ಬಳಿ ಬಂದು ಕೂರುವ ಬಹಳಷ್ಟು ಯುವಕ ಯುವತಿಯರೂ ಹೀಗೆಯೇ ನಂಬಿದ್ದಾರೆ: ಒಳಗೆ ಎಲ್ಲೋ ಒಂದು ಶಕ್ತಿ ಇರಬೇಕಿತ್ತು, ಇತರರಲ್ಲಿ ಅದು ಹುಟ್ಟಿನಿಂದಲೇ ಇದೆ, ತಮ್ಮಲ್ಲಿ ಇಲ್ಲ. ಮನೋವಿಜ್ಞಾನದಲ್ಲಿ ಅರ್ಧ ಶತಮಾನದಿಂದ ನಡೆದಿರುವ ಕೆಲಸ ಇದನ್ನು ಒಪ್ಪುವುದಿಲ್ಲ. ನಂಬಿಕೆ ಬಹುಮಟ್ಟಿಗೆ ಮಾಡಿ ಮುಗಿಸಿದ ಕೆಲಸದ ಹಿಂದೆ ಬರುತ್ತದೆ. ಸಾಕ್ಷ್ಯವಿದ್ದಷ್ಟು ನಂಬಿಕೆ. ನಿಮ್ಮ ಬಳಿ ಸಾಕ್ಷ್ಯ ಸಂಗ್ರಹಿಸುವ ವ್ಯವಸ್ಥೆ ಇರಲಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ, ವರ್ಷಕ್ಕೊಮ್ಮೆ ಫಲಿತಾಂಶ, ಮೂರು ಸಲವೂ ‘ಅನರ್ಹ’ ಎಂಬ ಒಂದೇ ಸುದ್ದಿ. ಇಷ್ಟೇ ಉಣಿಸಿದರೆ ಯಾರ ಆತ್ಮವಿಶ್ವಾಸವೂ ಸೊರಗುತ್ತದೆ. ಇದು ನಿಮ್ಮ ಸ್ವಭಾವದ ದೋಷವಲ್ಲ.

ಆಲ್ಬರ್ಟ್ ಬಂಡೂರ ಅವರ ಹೆಸರು ನಿಮಗೆ ಬಿ.ಎಡ್. ಪಾಠಗಳಿಂದ ಗೊತ್ತಿದೆ. ಗೊಂಬೆಯನ್ನು ಹೊಡೆಯುವ ಹಿರಿಯರನ್ನು ನೋಡಿ ಮಕ್ಕಳೂ ಹೊಡೆಯಲು ಕಲಿತ 1961ರ ಪ್ರಯೋಗ ಅವರದು. ಅದೇ ಬಂಡೂರ 1977ರಲ್ಲಿ ಸ್ವಸಾಮರ್ಥ್ಯದ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಹಾವಿನ ವಿಪರೀತ ಭಯವಿದ್ದವರನ್ನು ಅವರ ತಂಡ ಆಯ್ದುಕೊಂಡಿತು. ತೋಟದ ಕೆಲಸ ಮಾಡುವ ನಮ್ಮ ಮಲೆನಾಡಿನವರಿಗೆ ಆ ಭಯವನ್ನು ವಿವರಿಸಬೇಕಿಲ್ಲ. ಕೆಲವರು ಬೇರೊಬ್ಬರು ಹಾವನ್ನು ಮುಟ್ಟುವುದನ್ನು ನೋಡಿದರು. ಇನ್ನು ಕೆಲವರು ಸಹಾಯಕರ ಜೊತೆ ನಿಂತು ಹಂತ ಹಂತವಾಗಿ ತಾವೇ ಮುಟ್ಟಿದರು, ಹಿಡಿದರು. ನೋಡಿದವರಲ್ಲೂ ನಂಬಿಕೆ ಹೆಚ್ಚಿತು. ಆದರೆ ತಾವೇ ಕೈಯಾರೆ ಮಾಡಿದವರಲ್ಲಿ ಅದು ಇನ್ನೂ ಹೆಚ್ಚು ಬಲವಾಗಿತ್ತು. ಕೈಯಾರೆ ಮಾಡಿದ ಅನುಭವ, ನಮ್ಮಂಥವರು ಮಾಡುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ದೇಹ ಮನಸ್ಸುಗಳ ಸ್ಥಿತಿ, ಈ ನಾಲ್ಕನ್ನು ಬಂಡೂರ ಮೂಲಗಳೆಂದು ಗುರುತಿಸಿದರು. ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ನೀವು ಆಶ್ರಯಿಸಿದ್ದು ಮೂರನೆಯದನ್ನು, ಅದೂ ನಿಮ್ಮ ಹೆಸರನ್ನೂ ಅರಿಯದ ಒಬ್ಬ ಭಾಷಣಕಾರನ ಬಾಯಿಂದ.

ಆ ಭಾಷಣಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ಹೇಳಿಬಿಡುತ್ತೇನೆ. ಅವು ನಿರುಪದ್ರವಿಗಳಲ್ಲ. ಜರ್ಮನಿಯ ಮನೋವಿಜ್ಞಾನಿ ಗೇಬ್ರಿಯಲ್ ಓಟಿಂಗನ್ ಮತ್ತು ಅವರ ಸಹೋದ್ಯೋಗಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಎರಡು ವರ್ಷ ಬಿಟ್ಟು ಮತ್ತೆ ಮಾತನಾಡಿಸಿದರು. ಹಿಂದಿನ ಅನುಭವದ ಆಧಾರದ ಮೇಲೆ ‘ನನಗೆ ಕೆಲಸ ಸಿಗುವ ಸಾಧ್ಯತೆ ಇದೆ’ ಎಂದು ಅಂದಾಜಿಸಿದ್ದವರು ಮುಂದಿದ್ದರು. ಕೆಲಸ ಸಿಕ್ಕಂತೆ, ಎಲ್ಲ ಸುಲಭವಾಗಿ ನಡೆದಂತೆ ಸುಂದರವಾಗಿ ಕಲ್ಪಿಸಿಕೊಳ್ಳುತ್ತಿದ್ದವರಿಗೆ ಬಂದ ಉದ್ಯೋಗದ ಕರೆಗಳು ಕಡಿಮೆ, ಸಂಬಳವೂ ಕಡಿಮೆ. ಎರಡೂ ಹೊರಗಿನಿಂದ ಒಂದೇ ತರಹದ ಆಶಾವಾದವಾಗಿ ಕಾಣುತ್ತವೆ. ಒಂದು ಅನುಭವದಿಂದ ಕಟ್ಟಿದ್ದು, ಇನ್ನೊಂದು ಕನಸಿನಿಂದ ಕಟ್ಟಿದ್ದು. ಗೆದ್ದಂತೆ ಕಲ್ಪಿಸಿಕೊಂಡ ಮನಸ್ಸು ಗೆದ್ದ ಸಮಾಧಾನವನ್ನು ಮುಂಗಡವಾಗಿ ಅನುಭವಿಸಿ ಸಡಿಲವಾಗುತ್ತದೆ ಎಂದು ಅದೇ ಸಂಶೋಧಕಿಯ ಮುಂದಿನ ಪ್ರಯೋಗಗಳು ಸೂಚಿಸಿದವು. ರಾತ್ರಿ ನಿಮಗೆ ಏನು ಬೇಕಾದರೂ ಸಾಧಿಸಬಲ್ಲೆ ಎನಿಸಿ, ಬೆಳಿಗ್ಗೆ ಏನೂ ಉಳಿಯದಿರುವುದರ ವಿವರಣೆ ಇದರಲ್ಲಿದೆ. ಭಾಷಣ ಕೇಳುವ ಆ ಅರ್ಧ ಗಂಟೆಯನ್ನು ನಿದ್ದೆಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

‘ಗೈಡ್‌ಗಳನ್ನು ನಾಲ್ಕೈದು ಸಲ ಓದಿ ಮುಗಿಸಿದ್ದೇನೆ’ ಎಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯ ಇದು. ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದವರಿಗೆ ಶೇ 61. ನೀವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ‘ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ?’ ಎಂದು ಮೊದಲೇ ಕೇಳಿದಾಗ ಹೆಚ್ಚು ವಿಶ್ವಾಸದಿಂದ ಉತ್ತರಿಸಿದವರು ಮತ್ತೆ ಮತ್ತೆ ಓದಿದವರೇ. ಪುಟ ಪರಿಚಿತವಾಗಿ ಕಂಡರೆ ಪಾಠ ಬಂದಂತೆ ಭಾಸವಾಗುತ್ತದೆ. ಪುಸ್ತಕ ಮುಚ್ಚಿ ಬರೆಯುವವರಿಗೆ ತಾವು ಮರೆತದ್ದು ಕಣ್ಣೆದುರೇ ಕಾಣುತ್ತದೆ, ಆದ್ದರಿಂದ ತಮ್ಮ ಮೇಲೆ ಅನುಮಾನ. ಅಂದರೆ ಅನುಮಾನಪಟ್ಟವರು ಕಲಿತರು, ವಿಶ್ವಾಸ ಹೆಚ್ಚಿದ್ದವರು ಮರೆತರು. ಆತ್ಮವಿಶ್ವಾಸ ಯಾವಾಗಲೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪದಿರುವುದು ಇಂತಹ ಕಾರಣಗಳಿಗಾಗಿ. ನಾಲ್ಕೈದು ಸಲ ಓದಿದ್ದು ನಿಮ್ಮ ಛಲಕ್ಕೆ ಪುರಾವೆ, ಅದರಲ್ಲಿ ಸಂಶಯ ಬೇಡ. ಆ ಛಲ ತಪ್ಪು ಕೆಲಸಕ್ಕೆ ವ್ಯಯವಾಯಿತು.

ಛಲ ಎಂದರೆ ಅದನ್ನೇ ಮತ್ತೆ ಮಾಡುವುದು ಎಂಬ ಗ್ರಹಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ‘ಮರಳಿ ಯತ್ನವ ಮಾಡು’ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ, ಯತ್ನದ ರೀತಿ ಬದಲಾಗಬೇಕೇ ಎಂದು ಯಾರೂ ಕೇಳಲಿಲ್ಲ. ನಿಮ್ಮ ಸುತ್ತಲಿನ ತೋಟಗಳನ್ನೇ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಎಲೆ ತುಕ್ಕು ರೋಗ ಇಲ್ಲಿಯ ಅರೇಬಿಕಾ ಕಾಫಿಯನ್ನು ಹಾಳುಗೆಡವಿತು. ಅದೇ ಹಳೆಯ ತಳಿಯನ್ನು ಮತ್ತೆ ಮತ್ತೆ ನೆಟ್ಟು ಹಠ ಹಿಡಿದಿದ್ದರೆ ಇಂದು ಬೇಲೂರು, ಸಕಲೇಶಪುರ, ಮೂಡಿಗೆರೆಗಳಲ್ಲಿ ಅರೇಬಿಕಾ ಉಳಿಯುತ್ತಿತ್ತೇ? ಕೆಂಟ್ ಎಂಬ ಬೆಳೆಗಾರ ತನ್ನ ತೋಟದಲ್ಲಿ ತುಕ್ಕು ತಾಳಿಕೊಂಡ ಗಿಡವನ್ನು ಗುರುತಿಸಿ ಬೀಜ ಉಳಿಸಿದ. ಅವನ ಹೆಸರಿನ ಆ ತಳಿ ಹರಡಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ ಮುಂದಿನ ಹುಡುಕಾಟ ನಡೆಯಿತು, ಎಸ್.288 ಎಂಬ ಆಯ್ಕೆಯನ್ನು ಕೆಂಟ್ಸ್ ಜೊತೆ ಬೆರೆಸಿ ಪಡೆದ ಎಸ್.795 ತಳಿ 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿತು. ಅದನ್ನು ಇಂದಿಗೂ ಬೆಳೆಯುತ್ತಿದ್ದಾರೆ. ಗುರಿಯನ್ನು ಅವರು ಒಮ್ಮೆಯೂ ಬಿಡಲಿಲ್ಲ, ಸೋತ ತಳಿಯನ್ನು ಬಿಡಲು ಒಮ್ಮೆಯೂ ಹಿಂಜರಿಯಲಿಲ್ಲ.

ಹಾಗಾದರೆ ನೀವು ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು? ನಿಮ್ಮ ಮೂರೂ ಪ್ರಶ್ನೆಪತ್ರಿಕೆಗಳನ್ನು ಹೊರತೆಗೆಯಿರಿ. ಇಲಾಖೆ ಪ್ರಕಟಿಸಿದ ಕೀ ಉತ್ತರಗಳೊಂದಿಗೆ ನಿಮ್ಮ ಉತ್ತರಗಳನ್ನು ಹೋಲಿಸಿ, ವಿಭಾಗವಾರು ಎಣಿಸಿ. ಎರಡನೇ ಪತ್ರಿಕೆಯಲ್ಲಿ ಶಿಶು ವಿಕಸನ ಮತ್ತು ಬೋಧನಾ ವಿಧಾನಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಗಣಿತ ಮತ್ತು ವಿಜ್ಞಾನಕ್ಕೆ 60. ಗಣಿತದವರು ಗಣಿತವನ್ನೇ ಮತ್ತೆ ಮತ್ತೆ ಓದುವುದನ್ನು ನಾನು ಬಹಳ ಕಂಡಿದ್ದೇನೆ. ಬರುವುದನ್ನು ಓದುವುದು ಹಿತ. ಅಂಕ ಸೋರಿಹೋಗುವುದು ಹೆಚ್ಚಾಗಿ ಎರಡನೇ ಭಾಷೆಯಲ್ಲಿ, ಇಲ್ಲವೇ ಶಿಶು ವಿಕಸನದಲ್ಲಿ. ನಿಮ್ಮದು ಎಲ್ಲಿ ಎಂದು ನಾನು ಊಹಿಸಬೇಕಿಲ್ಲ, ನಿಮ್ಮ ಎಣಿಕೆಯೇ ಹೇಳುತ್ತದೆ. ಪ್ರತಿ ತಪ್ಪಿನ ಮುಂದೆ ಒಂದು ಗುರುತು ಹಾಕಿ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ಮರೆತೆ, ಗೊತ್ತಿತ್ತು ಆದರೆ ಪ್ರಶ್ನೆಯನ್ನು ಅವಸರದಲ್ಲಿ ಓದಿದೆ. ಮೂರಕ್ಕೂ ಮದ್ದು ಬೇರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನಾದರೂ ಖಾಲಿ ಬಿಟ್ಟಿದ್ದರೆ ಅದನ್ನೂ ಎಣಿಸಿ. ಒಂದು ಖಾಲಿ ಜಾಗವೂ ಇರಕೂಡದು.

ಆಮೇಲೆ ಗೈಡ್ ಪಕ್ಕಕ್ಕಿಟ್ಟು ಆರರಿಂದ ಎಂಟನೇ ತರಗತಿಯ ರಾಜ್ಯ ಪಠ್ಯಪುಸ್ತಕಗಳನ್ನು ಹಿಡಿಯಿರಿ. ಅವು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಕೆಲವನ್ನು ನೀವು ದಿನವೂ ಪಾಠ ಮಾಡುತ್ತೀರಿ. ಒಂದು ಅಧ್ಯಾಯ ಓದಿ, ಮುಚ್ಚಿ, ನೆನಪಿದ್ದದ್ದನ್ನು ಬರೆಯಿರಿ. ಮೂರು ದಿನ ಬಿಟ್ಟು ಓದದೆಯೇ ಮತ್ತೆ ಬರೆಯಿರಿ. ಎರಡು ವಾರಕ್ಕೊಮ್ಮೆ ಭಾನುವಾರ 150 ನಿಮಿಷ ಕೂತು ಒಂದು ಹಳೆಯ ಪತ್ರಿಕೆ ಪೂರ್ತಿ ಬರೆದು ಅಂಕವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ವರ್ಷಕ್ಕೊಂದು ತೀರ್ಪಿನ ಬದಲು ತಿಂಗಳಿಗೆ ಎರಡು ಸುದ್ದಿ. ಅಂಕ 84ರಿಂದ 88ಕ್ಕೆ, 93ಕ್ಕೆ ಹೋಗುವುದನ್ನು ನಿಮ್ಮ ಕೈಬರಹದಲ್ಲೇ ನೋಡಿದಾಗ ಹುಟ್ಟುವ ನಂಬಿಕೆಯನ್ನು ಮನೆಯವರ ಮಾತು ಕಸಿಯಲಾರದು. ಅಂಕ ಏರದಿದ್ದರೆ? ಅದೂ ಬೆಲೆಯುಳ್ಳ ಸುದ್ದಿಯೇ. ಓದುವ ವಿಧಾನ ಬದಲಿಸಬೇಕೆಂದು ಎರಡು ವಾರದಲ್ಲೇ ತಿಳಿಯುತ್ತದೆ, ಒಂದು ವರ್ಷ ಕಾಯಬೇಕಿಲ್ಲ.

ಸಮಯದ ಮಾತು ಬಾರದೆ ಈ ಉತ್ತರ ಪ್ರಾಮಾಣಿಕವಾಗುವುದಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಪುರುಷರು ಕೊಡುವುದು 97 ನಿಮಿಷ. ಹಗಲೆಲ್ಲ ಶಾಲೆಯಲ್ಲಿ ನಿಂತು, ಮನೆಯಲ್ಲಿ ಐದು ಗಂಟೆ ದುಡಿದು, ಹನ್ನೊಂದರ ಮೇಲೆ ಪುಸ್ತಕ ತೆರೆದವರಿಗೆ ಆಕಳಿಕೆ ಬಂದರೆ ಅದನ್ನು ಛಲದ ಕೊರತೆ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ದಣಿದ ಮಿದುಳಿಗೆ ಪುಟಗಳು ಹತ್ತುವುದಿಲ್ಲ, ಹತ್ತದಿದ್ದಾಗ ‘ನನಗೆ ಬರುವುದಿಲ್ಲ’ ಎಂಬ ಭಾವ ಬಲಿಯುತ್ತದೆ. ಬಂಡೂರ ನಾಲ್ಕನೆಯ ಮೂಲವೆಂದು ಹೇಳಿದ ದೇಹದ ಸ್ಥಿತಿ ಇದೇ: ನಾವು ದಣಿವನ್ನು ಅಸಾಮರ್ಥ್ಯವೆಂದು ತಪ್ಪಾಗಿ ಓದಿಕೊಳ್ಳುತ್ತೇವೆ.

ಆದ್ದರಿಂದ ಪತಿಯೊಂದಿಗೆ, ಅತ್ತೆ ಮಾವನೊಂದಿಗೆ ಮಾತನಾಡುವಾಗ ‘ನನ್ನ ಮೇಲೆ ನಂಬಿಕೆಯಿಡಿ’ ಎಂದು ಕೇಳಬೇಡಿ. ನಂಬಿಕೆಯನ್ನು ಕೇಳಿ ಪಡೆಯುವುದು ಕಷ್ಟ, ಸಮಯವನ್ನು ಕೇಳಬಹುದು. ‘ವಾರದಲ್ಲಿ ಐದು ದಿನ ಸಂಜೆ ಆರೂವರೆಯಿಂದ ಎಂಟರವರೆಗೆ ಅಡುಗೆ, ಮಗು ನನ್ನ ಜವಾಬ್ದಾರಿಯಲ್ಲ’ ಎಂದು ನಿರ್ದಿಷ್ಟವಾಗಿ ಕೇಳಿ. ಮನೆಯಲ್ಲಿ ಕೂತರೆ ಕರೆಯುತ್ತಲೇ ಇರುತ್ತಾರೆ ಎಂದಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನೋ, ಶಾಲೆ ಬಿಟ್ಟ ಮೇಲೆ ಅಲ್ಲಿಯ ಖಾಲಿ ಕೊಠಡಿಯನ್ನೋ ಬಳಸಿ. ಎಲ್ಲಿ, ಯಾವಾಗ, ಏನು ಎಂಬುದನ್ನು ಮೊದಲೇ ಕಟ್ಟಿಟ್ಟುಕೊಂಡವರು ಕೇವಲ ‘ಓದುತ್ತೇನೆ’ ಎಂದುಕೊಂಡವರಿಗಿಂತ ಹೆಚ್ಚು ಬಾರಿ ಓದಲು ಕೂರುತ್ತಾರೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಮತ್ತು ಅವರ ನಂತರದ ಹಲವರು ಇದನ್ನು ನಾನಾ ಸನ್ನಿವೇಶಗಳಲ್ಲಿ ಕಂಡಿದ್ದಾರೆ. ಅಡ್ಡಿಗಳಿಗೂ ಮೊದಲೇ ಉತ್ತರ ಬರೆದಿಡಿ. ಆಷಾಢದ ಮಳೆಗೆ ಕರೆಂಟು ಹೋದರೆ, ಮೊಬೈಲ್ ಸತ್ತರೆ, ಆ ದಿನಕ್ಕೆ ಮುದ್ರಿತ ಪ್ರಶ್ನೆಪತ್ರಿಕೆ ಮತ್ತು ಚಾರ್ಜ್ ಮಾಡಿಟ್ಟ ದೀಪ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆತುಂಬ ಆಳುಕಾಳು ಇದ್ದರೆ ಆಗ ಹೊಸ ಪಾಠ ಬೇಡ, ಹಿಂದೆ ಬರೆದದ್ದನ್ನು ನೆನಪಿನಿಂದ ಒಪ್ಪಿಸಿಕೊಳ್ಳುವುದಷ್ಟೇ ಸಾಕು.

ಚಿಕ್ಕಪ್ಪನ ಮಗಳೊಂದಿಗಿನ ಹೋಲಿಕೆಯನ್ನು ಕೈಬಿಡಿ. ನಮ್ಮಂಥವರು ಮಾಡುವುದನ್ನು ನೋಡಿದಾಗ ನಂಬಿಕೆ ಬೆಳೆಯುತ್ತದೆ. ಅವಳ ಹಗಲೂ ನಿಮ್ಮ ಹಗಲೂ ಒಂದೇ ಅಲ್ಲ. ಮಗು, ಮನೆ, ನೌಕರಿ ಮೂರನ್ನೂ ಹೊತ್ತು ಟಿಇಟಿ ಮುಗಿಸಿದವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ, ಹುಡುಕಿ ಮಾತನಾಡಿಸಿ. ಈಗ ಅಂಥವರ ಸಂಖ್ಯೆ ಹೆಚ್ಚಲಿದೆ ಕೂಡ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಮುಗಿಸಬೇಕು. ದಶಕಗಟ್ಟಲೆ ಪಾಠ ಮಾಡಿದವರೂ ಈ ಪುಸ್ತಕಗಳನ್ನೇ ಹಿಡಿದು ಕೂರಬೇಕಾಗಿದೆ. ಇಬ್ಬರು ಮೂವರು ಸೇರಿ ಪರಸ್ಪರ ಪ್ರಶ್ನೆ ಕೇಳುವ ಒಂದು ಪುಟ್ಟ ಗುಂಪು ಕಟ್ಟಿಕೊಳ್ಳಿ. ಬೇಲೂರಿನಿಂದ ಹಾಸನಕ್ಕೆ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡು ಬೇಕಿಲ್ಲ. ತಿಂಗಳಿಗೊಮ್ಮೆ ಭೇಟಿಯಾದರೂ ಸಾಕು.

ಒಂಟಿಯಾಗಿ ಛಲ ಸಾಧಿಸಿದವರ ಕಥೆಗಳು ಓದಲು ಚೆನ್ನ, ಆದರೆ ಹತ್ತಿರದಿಂದ ನೋಡಿದರೆ ಅಲ್ಲಿ ಯಾವಾಗಲೂ ಜೊತೆಗಾರರು ಇರುತ್ತಾರೆ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಮ್ಮೂರಿನವರೆಲ್ಲ ಹೆಮ್ಮೆಪಟ್ಟೆವು. ಪ್ರಶಸ್ತಿ ಪಡೆದ ಆ ಕಥೆಗಳನ್ನು ಅವರು ಮೂರು ದಶಕಕ್ಕೂ ಹೆಚ್ಚು ಕಾಲ, ವಕೀಲಿಕೆ ಮಾಡುತ್ತಲೇ ಬರೆದರು. ಬೆನ್ನಿಗೆ ಬಂಡಾಯ ಸಾಹಿತ್ಯ ಚಳವಳಿಯ ಒಡನಾಟವಿತ್ತು, ದೀಪಾ ಭಾಸ್ತಿ ಅವರ ಅನುವಾದ ಇರದಿದ್ದರೆ ಆ ಪ್ರಶಸ್ತಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಇಂಥ ಪ್ರಶಸ್ತಿಯನ್ನು ಕಣ್ಣ ಮುಂದಿಟ್ಟುಕೊಂಡು ಯಾರೂ ಮೂವತ್ತು ವರ್ಷ ಬರೆಯಲಾರರು. ಕೆಲಸವೇ ಬೇಕೆನಿಸಿದಾಗ ಮಾತ್ರ ಅಷ್ಟು ದೂರ ಸಾಗಬಹುದು. ನೀವೂ ಒಮ್ಮೆ ಕೇಳಿಕೊಳ್ಳಿ: ನಿಮಗೆ ಬೇಕಿರುವುದು ಪಾಠ ಮಾಡುವ ಬದುಕೇ, ಸರ್ಕಾರಿ ಸಂಬಳದ ಭದ್ರತೆಯೇ? ಎರಡೂ ಗೌರವದ ಆಸೆಗಳೇ. ಉತ್ತರ ಯಾವುದು ಎಂಬುದರ ಮೇಲೆ ಮುಂದಿನ ದಾರಿಗಳು ಬೇರೆಯಾಗುತ್ತವೆ.

ಮಗಳ ಪ್ರಶ್ನೆಗೆ ನಾಚಿಕೊಳ್ಳಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೂಲಿಯಾ ಲೆನರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು ಹದಿನೈದು ತಿಂಗಳ ಮಕ್ಕಳ ಎದುರು ದೊಡ್ಡವರು ಡಬ್ಬಿಯೊಳಗಿನ ಆಟಿಕೆ ತೆಗೆಯಲು ಒದ್ದಾಡಿ ಕೊನೆಗೆ ತೆಗೆದರು. ಇನ್ನೊಂದು ಗುಂಪಿನ ಮಕ್ಕಳ ಎದುರು ಸಲೀಸಾಗಿ ತೆಗೆದರು. ಆಮೇಲೆ ಮಕ್ಕಳ ಕೈಗೆ ಬೇರೆಯದೇ ಒಂದು ಆಟಿಕೆ ಕೊಟ್ಟಾಗ, ಒದ್ದಾಟವನ್ನು ನೋಡಿದ ಮಕ್ಕಳು ಹೆಚ್ಚು ಸಲ ಪ್ರಯತ್ನಿಸಿದರು. ಮಗಳಿಂದ ನಿಮ್ಮ ಕಷ್ಟವನ್ನು ಮುಚ್ಚಿಡುವ ಅಗತ್ಯವಿಲ್ಲ. ‘ಹೌದು, ಆರು ಅಂಕ ಕಡಿಮೆ ಬಂತು, ಯಾವುದು ತಪ್ಪಾಯಿತು ಎಂದು ಹುಡುಕುತ್ತಿದ್ದೇನೆ’ ಎಂದು ಹೇಳಿ, ಅವಳ ಮುಂದೆಯೇ ಹುಡುಕಿ.

ಇನ್ನು ಬಿಡುವ ಪ್ರಶ್ನೆ. ಕೈಬಿಡುವುದನ್ನು ಹೇಡಿತನ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಮನೋವಿಜ್ಞಾನಿ ಕಾರ್ಸ್ಟನ್ ರಾಶ್ ಮುಂತಾದವರ ಅಧ್ಯಯನಗಳಲ್ಲಿ, ಕೈಗೆಟುಕದ ಗುರಿಯನ್ನು ಬಿಟ್ಟು ಇನ್ನೊಂದಕ್ಕೆ ಮನಸ್ಸು ತೊಡಗಿಸಬಲ್ಲವರ ನೆಮ್ಮದಿ ಹೆಚ್ಚಿರುವುದು ಕಂಡಿದೆ. ಆದರೆ ನಿಮ್ಮ ಗುರಿ ಕೈಗೆಟುಕದ್ದೆಂದು ಹೇಳಲು ಈವರೆಗೆ ಯಾವ ಆಧಾರವೂ ಇಲ್ಲ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಮುಂದುವರಿಯಿರಿ, ಮೇಲೆ ಹೇಳಿದ ರೀತಿಯಲ್ಲಿ, ಮುಂದಿನ ಎರಡು ಪರೀಕ್ಷೆಗಳವರೆಗೆ. ಆ ಗಡಿಯನ್ನು ಇವತ್ತೇ, ಮನಸ್ಸು ತಿಳಿಯಾಗಿರುವಾಗ ನಿಗದಿ ಮಾಡಿ, ಮನೆಯವರಿಗೂ ತಿಳಿಸಿ. ಫಲಿತಾಂಶ ಬಂದ ಸಂಜೆ ಅಳುತ್ತಾ ತೀರ್ಮಾನ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿ. ಗಡಿ ಇದೆ ಎಂದು ಗೊತ್ತಾದರೆ ‘ಇನ್ನು ಸಾಕು’ ಎನ್ನುವವರ ಧ್ವನಿಯೂ ತಗ್ಗುತ್ತದೆ. ಅವರಿಗಿರುವುದು ಬಹುಪಾಲು ಇದು ಮುಗಿಯುವುದೇ ಇಲ್ಲವೇನೋ ಎಂಬ ಅಂಜಿಕೆ.

ಟಿಇಟಿ ಮುಗಿದರೆ ಕೆಲಸ ಕೈಗೆ ಬಂತೆಂದು ಮಾತ್ರ ಲೆಕ್ಕ ಹಾಕಬೇಡಿ. ಅದರ ನಂತರ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೆಯೇ ಇದೆ, ಅಲ್ಲಿ ಹುದ್ದೆಗಳು ಎಣಿಸಿಟ್ಟಷ್ಟೇ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅಧಿಸೂಚನೆ ಹೊರಟಾಗ ಆಯ್ಕೆಯ ಪಟ್ಟಿ ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಲುಕಿ ಅಭ್ಯರ್ಥಿಗಳು ಬಹಳ ಕಾಯಬೇಕಾಯಿತು. ಅಂಥ ವಿಳಂಬವನ್ನು ನಿಮ್ಮ ಯೋಗ್ಯತೆಯ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಒಂದು ಅನುಕೂಲವೆಂದರೆ ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿಯ ಮಾನ್ಯತೆ ಇದೆ. ಒಮ್ಮೆ ದಾಟಿದರೆ ಆ ಗೆರೆಯನ್ನು ಮತ್ತೆ ದಾಟಬೇಕಿಲ್ಲ, ಖಾಸಗಿ ಶಾಲೆಗಳಲ್ಲಿ ಸಂಬಳದ ಮಾತುಕತೆಗೂ ಅದನ್ನು ಮುಂದಿಡಬಹುದು. ಕಾನೂನಿನ ಪ್ರಕಾರ ಟಿಇಟಿ ಕಡ್ಡಾಯವಿರುವುದು ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ. ಪ್ರೌಢಶಾಲಾ ಶಿಕ್ಷಕರ ನೇಮಕಾತಿ ಪ್ರತ್ಯೇಕವಾಗಿ ನಡೆಯುತ್ತದೆ, ಬಿ.ಎಸ್ಸಿ., ಬಿ.ಎಡ್. ಇರುವ ನೀವು ಅದರ ಅಧಿಸೂಚನೆಗಳ ಮೇಲೂ ಕಣ್ಣಿಟ್ಟಿರಿ. ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯುವಂತೆ ಹೇಳಬಲ್ಲವರಿಗೆ ನಿಮ್ಮ ಊರಿನಲ್ಲೇ ಸಂಜೆಯ ಪಾಠಕ್ಕೂ ಮಕ್ಕಳು ಸಿಗುತ್ತಾರೆ. ಎರಡು ಪರೀಕ್ಷೆಗಳ ಗಡಿಯ ಜೊತೆಗೆ, ಈ ಬದಲಿ ದಾರಿಗಳಲ್ಲಿ ನಿಮಗೆ ಒಪ್ಪಿಗೆಯಾಗುವ ಒಂದನ್ನು ಈಗಲೇ ಬರೆದಿಟ್ಟುಕೊಳ್ಳಿ. ಮೊದಲ ವಾರದ ಕೆಲಸ ಮಾತ್ರ ಇಷ್ಟೇ: ಮೂರು ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರ, ಒಂದು ಕೆಂಪು ಪೆನ್ನು, ಮತ್ತು ವಿಭಾಗವಾರು ಎಣಿಕೆ. ಎಣಿಕೆ ಮುಗಿದ ಮೇಲೆ ಆ ಸಂಖ್ಯೆಗಳನ್ನು ನನಗೆ ಬರೆದು ಕಳುಹಿಸಿದರೆ ಯಾವ ವಿಭಾಗಕ್ಕೆ ಎಷ್ಟು ಸಮಯ ಕೊಡಬೇಕೆಂದು ಒಟ್ಟಿಗೆ ಲೆಕ್ಕ ಹಾಕೋಣ.